ಫೋಟೋದಿಂದ ಅಳಿಸಿದ ಗಡಿಯಾರ, ಕ್ಯಾಪ್ಷನ್‌ನಲ್ಲಿ ಇಲ್ಲದ ಹೆಸರು

1910ರಲ್ಲಿ ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ಕರ್ಟಿಸ್ ತೆಗೆದ ಒಂದು ಫೋಟೋ ಇದೆ. ಅಲ್ಲಿನ ಮೂಲನಿವಾಸಿಗಳಾದ ಪೀಗನ್ ಜನಾಂಗದ ಲಿಟಲ್ ಪ್ಲೂಮ್ ಮತ್ತೆ ಅವರ ಮಗ ಯೆಲ್ಲೋ ಕಿಡ್ನಿ ಡೇರೆಯೊಳಗೆ ಕೂತಿದಾರೆ, ಮೂಲ ಚಿತ್ರದಲ್ಲಿ ಇಬ್ಬರ ನಡುವೆ ಒಂದು ಗಡಿಯಾರ ಇದೆ, ಆದ್ರೆ ಪುಸ್ತಕದಲ್ಲಿ ಅಚ್ಚಾದಾಗ ಆ ಗಡಿಯಾರ ಮಾಯ! ಮನೆಯಲ್ಲಿ ಗಡಿಯಾರ ಇಟ್ಕೊಂಡಿರೋ ಮೂಲನಿವಾಸಿ ಯಾರಿಗೂ ಬೇಕಿರ್ಲಿಲ್ಲ ಅಂತ ಕಾಣುತ್ತೆ.

ಕರ್ಟಿಸ್‌ನ ಬರೀ ಮೋಸಗಾರ ಅಂದ್ಬಿಟ್ರೆ ಅನ್ಯಾಯ ಆಗುತ್ತೆ. 1906ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಹತ್ರ 75,000 ಡಾಲರ್ ನೆರವು ಪಡೆದು, 1907ರಿಂದ 1930ರವರೆಗೆ ಈ ಮೂಲನಿವಾಸಿಗಳ ಬಗ್ಗೆ 20 ಸಂಪುಟ ತಂದ ಮನುಷ್ಯ, ಹಾಡುಗಳನ್ನೂ ರೆಕಾರ್ಡ್ ಮಾಡ್ಕೊಂಡಿದ್ದ, ಅದಕ್ಕಾಗಿ ತನ್ನ ದುಡ್ಡು ಆರೋಗ್ಯ ಎಲ್ಲಾ ಕಳ್ಕೊಂಡ. ಆದ್ರೆ ಅವನ ತಲೆಯಲ್ಲಿ ಇದ್ದಿದ್ದು "ಇವರು ಅಳಿದು ಹೋಗ್ತಿರೋ ಜನ" ಅನ್ನೋ ಒಂದೇ ಕಥೆ. ನವಾಹೋ ಅನ್ನೋ ಇನ್ನೊಂದು ಮೂಲನಿವಾಸಿ ಜನಾಂಗದ ಸವಾರರು ಬೆನ್ನು ತೋರಿಸ್ಕೊಂಡು ಕತ್ತಲೆ ಕಡೆ ಹೋಗೋ 1904ರ ಚಿತ್ರಕ್ಕೆ ಹೆಸರೇ ಆ ಅರ್ಥದ್ದು.

ಅದೇ ಕಾಲದಲ್ಲಿ ಸರ್ಕಾರಕ್ಕೆ ಬೇಕಿದ್ದಿದ್ದು ಪೂರ್ತಿ ಉಲ್ಟಾ, ಇವರು ತಮ್ಮ ಪದ್ಧತಿ ಬಿಟ್ಟು ಬಿಳಿಯರ ಥರ ಆಗ್ಬೇಕು ಅಂತ. 1883ರ ನಿಯಮದಲ್ಲಿ ಸನ್ ಡಾನ್ಸ್ (ಅವರ ಧಾರ್ಮಿಕ ಕುಣಿತ) ಥರದ ಆಚರಣೆ ಮಾಡಿದ್ರೆ ಪಡಿತರ ಕಟ್, ಜೈಲು. ಪೆನ್ಸಿಲ್ವೇನಿಯಾದಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಇದ್ದ ಕಾರ್ಲೈಲ್ ಬೋರ್ಡಿಂಗ್ ಸ್ಕೂಲ್‌ನವರು "ಮೊದಲು-ಆಮೇಲೆ" ಅಂತ ಜೋಡಿ ಫೋಟೋ ತೆಗೆಸೋರು. ಟಾಮ್ ಟೊರ್ಲಿನೊ ಅನ್ನೋ ನವಾಹೋ ಹುಡುಗನದು ಎಲ್ರಿಗೂ ಗೊತ್ತಿರೋದು, 1882ರಲ್ಲಿ ಉದ್ದ ಕೂದಲು, ಕಿವಿಗೆ ಓಲೆ, 1885ರಲ್ಲಿ ಕ್ರಾಪ್, ಕೋಟು, ಮತ್ತೆ ನೋಡಿ ಎರಡನೇದ್ರಲ್ಲಿ ಮೈಬಣ್ಣನೂ ತಿಳಿಯಾಗಿ ಕಾಣುತ್ತೆ, ಅದ್ರಲ್ಲಿ ಲೈಟಿಂಗ್ ಕೈವಾಡ ಇದೆ ಅಂತಾರೆ ಇತಿಹಾಸಕಾರರು. ಒಬ್ಬ ಗಡಿಯಾರ ತೆಗೆದ, ಇನ್ನೊಬ್ರು ಕೂದಲು ಕತ್ತರಿಸಿದ್ರು. ನಿಮಗೆ ಹೇಗೆ ಕಾಣ್ಬೇಕು ಅಂತ ಫೋಟೋದಲ್ಲಿರೋರನ್ನ ಮಾತ್ರ ಯಾರೂ ಕೇಳ್ಲಿಲ್ಲ, ನನಗೆ ಸಂಕಟ ಆಗೋದು ಇಲ್ಲೇ.

ಈಗ ಅಂಥ ಫೋಟೋಗಳನ್ನ ಅವರ ಮೊಮ್ಮಕ್ಕಳು ಮರಿಮಕ್ಕಳು ನೋಡ್ತಿದಾರೆ, ಅವರಿಗೆ ಅದು ಅಜ್ಜನ ಫೋಟೋ. 1880ರಲ್ಲಿ ಕ್ರೋ ಅನ್ನೋ ಮೂಲನಿವಾಸಿ ಜನಾಂಗದ ಮುಖಂಡರು ತಮ್ಮ ನೆಲದಲ್ಲಿ ಹಾಯೋ ರೈಲ್ವೆ ಲೈನ್ ವಿಚಾರ ಮಾತಾಡೋಕೆ ವಾಷಿಂಗ್ಟನ್‌ಗೆ ಹೋಗಿದ್ರು, ಅಲ್ಲಿ ಅವರ ಸ್ಟುಡಿಯೋ ಫೋಟೋ ತೆಗೆದ್ರು. 2014ರಲ್ಲಿ ಅದೇ ಜನಾಂಗದ ಕಲಾವಿದೆ ವೆಂಡಿ ರೆಡ್ ಸ್ಟಾರ್ ಆ ಚಿತ್ರಗಳ ಪ್ರಿಂಟ್ ಮೇಲೆ ಕೆಂಪು ಶಾಯಿಯಲ್ಲಿ ಬರೆದ್ರು: ಅಂಗಿಯ ಅಂಚಿಗೆ, ಗರಿಗೆ, ಕೂದಲ ಕಟ್ಟಿಗೆ ಗೆರೆ ಎಳೆದು ಇದು ಏನು, ಯಾಕೆ ಅಂತ ಪಕ್ಕದಲ್ಲೇ ಟಿಪ್ಪಣಿ. ಬರೀ ವೇಷ ಅಂದ್ಕೊಂಡಿದ್ದು ಒಬ್ಬ ಮನುಷ್ಯನ ಸಾಧನೆಯ ಲೆಕ್ಕ ಆಗ್ಬಿಡುತ್ತೆ.

ಎಲ್ಲಾ ಕಡೆ ಹೀಗೇ ಅಂತಲ್ಲ. ಆಸ್ಟ್ರೇಲಿಯಾದ ಎಷ್ಟೋ ಮೂಲನಿವಾಸಿ ಸಮುದಾಯಗಳಲ್ಲಿ ತೀರಿಕೊಂಡವರ ಚಿತ್ರ ನೋಡೋದೇ ನೋವಿನ ವಿಷಯ, ಅದಕ್ಕೇ ಅಲ್ಲಿನ ಆರ್ಕೈವ್‌ಗಳು ಮೊದಲೇ ಎಚ್ಚರಿಕೆ ಹಾಕ್ತವೆ.

ಕೆನಡಾದ ಕೆಲಸ ನನಗೆ ಎಲ್ಲಕ್ಕಿಂತ ಹತ್ತಿರ. ಅಲ್ಲಿನ ರಾಷ್ಟ್ರೀಯ ಆರ್ಕೈವ್‌ನಲ್ಲಿ ಉತ್ತರದ ಹಿಮಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಜನರ (ಹೊರಗಿನವರು ಎಸ್ಕಿಮೊ ಅಂತಿದ್ದವರು) ಸಾವಿರಾರು ಫೋಟೋ ಇದ್ವು, ಕ್ಯಾಪ್ಷನ್ ಮಾತ್ರ "ಎಸ್ಕಿಮೊ ಹೆಂಗಸು", "ಎಸ್ಕಿಮೊ ಮಗು" ಇಷ್ಟೇ. 1941ರಿಂದ ಸರ್ಕಾರ ಇವರಿಗೆ ನಂಬರ್ ಕೊರೆದ ಬಿಲ್ಲೆ ಕೊಟ್ಟಿತ್ತು, ದಾಖಲೆಯಲ್ಲಿ ಹೆಸರಿನ ಬದಲು ಆ ನಂಬರ್ರೇ. 2000ದ ದಶಕದ ಶುರುವಿನಲ್ಲಿ ಪ್ರಾಜೆಕ್ಟ್ ನೇಮಿಂಗ್ ಅಂತ ಆರಂಭ ಆಯ್ತು, ಇನುಯಿಟ್ ಜನರೇ ಹೆಚ್ಚಿರೋ ನುನಾವುಟ್ ಪ್ರಾಂತ್ಯದ ಹುಡುಗ ಹುಡುಗಿಯರು ಸ್ಕ್ಯಾನ್ ಮಾಡಿದ ಫೋಟೋಗಳನ್ನ ಲ್ಯಾಪ್‌ಟಾಪಲ್ಲಿ ತಗೊಂಡು ಹೋಗಿ ಹಿರಿಯರ ಮುಂದೆ ಕೂತ್ಕೊಂಡು ಇವರು ಯಾರು ಅಂತ ಒಂದೊಂದೇ ಮುಖ ತೋರಿಸಿ ಕೇಳಿದ್ರು. ಹಿರಿಯರು ನೆನಪು ಮಾಡ್ಕೊಂಡು ಹೇಳಿದ್ರು, ಇವರು ಇಂಥವರು, ಇಂಥವರ ಮಗಳು, ಇಂಥ ಊರವರು. ಆ ಹೆಸರುಗಳು ಆರ್ಕೈವ್ ದಾಖಲೆಗೆ ಸೇರಿದ್ವು.