ಪಟ್ಟಿ ಎಡಕ್ಕಿರಲಿ

ಮರದಲ್ಲಿ ಗ್ರೂವ್, ಅಂದರೆ ಉದ್ದನೆಯ ಗಾಡಿ ಕೊರೆಯುವ ರೂಟರ್ ಮಷಿನ್ ಕಲಿಯಲು ಬರುವವರು ಮೊದಲ ದಿನ ಹಾಳು ಮಾಡುವ ಹಲಗೆಗಳು ಹೆಚ್ಚಾಗಿ ಒಂದೇ ಥರ ಇರುತ್ತವೆ. ಗ್ರೂವ್ ಅರ್ಧದವರೆಗೆ ನೇರ, ಆಮೇಲೆ ಎಡಕ್ಕೆ ಸೊಟ್ಟ. ‘ಕೈ ನಡುಗಿತು ಸರ್’ ಅಂತಾರೆ. ಪಾಪ, ಕೈಯದೇನೂ ತಪ್ಪಿಲ್ಲ. ಮಷಿನ್ ಎಳೆದುಕೊಂಡು ಹೋಗಿರುತ್ತದೆ.

ಮೇಲಿನಿಂದ ನೋಡಿದರೆ ಬಿಟ್, ಅಂದರೆ ಮರ ಕೊರೆಯುವ ಅಲಗು, ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಮಷಿನನ್ನು ಮುಂದಕ್ಕೆ ತಳ್ಳುವಾಗ ಬಿಟ್‌ನ ಮುಂಭಾಗ ಎಡದಿಂದ ಬಲಕ್ಕೆ ಮರವನ್ನು ಕಚ್ಚುತ್ತದೆ. ಮರ ಅದನ್ನು ಎಡಕ್ಕೆ ನೂಕುತ್ತದೆ. ಅದಕ್ಕೇ ಕ್ಲಾಂಪ್ ಹಾಕಿದ ನೇರ ಪಟ್ಟಿ ಮಷಿನಿನ ಎಡಕ್ಕಿರಬೇಕು. ಆಗ ಮಷಿನ್ ತಾನೇ ಪಟ್ಟಿಗೆ ಒತ್ತಿಕೊಂಡು ಓಡುತ್ತದೆ. ಪಟ್ಟಿ ಬಲಕ್ಕಿದ್ದರೆ ಉದ್ದಕ್ಕೂ ಜಗ್ಗಾಟ. ಒಂದು ಕ್ಷಣ ಕೈ ಸಡಿಲವಾದರೆ ಮುಗೀತು. ನನ್ನ ಮೊದಲ ತೇಗದ ಹಲಗೆ ಹೀಗೇ ಹೋಯಿತು. ಈ ಒಂದು ಮಾತು ಅವತ್ತು ಯಾರೂ ಹೇಳಿರಲಿಲ್ಲ.

ಡ್ರಾಯರ್ ತಳಕ್ಕೆ 6 ಮಿ.ಮೀ. ಪ್ಲೈವುಡ್ ಕೂರಿಸುವ ಗ್ರೂವ್‌ನಿಂದ ಶುರು ಮಾಡಿ. ಟ್ರಿಮ್ಮರ್ ಅನ್ನುವ ಸಣ್ಣ ರೂಟರ್ ಸಾಕು. ಪ್ಲಗ್ ಕಿತ್ತ ಮೇಲೇ ಬಿಟ್ ಹಾಕಿ. ಬಿಟ್ ಹಿಡಿಯುವ ಕಾಲೆಟ್‌ನಲ್ಲಿ ತಳ ಮುಟ್ಟುವವರೆಗೆ ತೂರಿಸಿ, ಸುಮಾರು 2 ಮಿ.ಮೀ. ಹೊರಗೆಳೆದು ಬಿಗಿ ಮಾಡಿ. ತಳಕ್ಕೆ ತಾಗಿಯೇ ಬಿಗಿದರೆ ಹಿಡಿತ ಸರಿಯಾಗಿ ಕೂರದೆ ಬಿಟ್ ಜಾರಬಹುದು.

ಗ್ರೂವ್‌ನ ಎಡ ಅಂಚಿನಿಂದ ಪಟ್ಟಿ ಎಷ್ಟು ದೂರ ಇಡಬೇಕು? ಮಷಿನಿನ ಬೇಸ್ 90 ಮಿ.ಮೀ. ಅಗಲ, ಬಿಟ್ ನಟ್ಟನಡುವೆ ಇದ್ದರೆ ಅರ್ಧ 45. ಅದರಲ್ಲಿ 6 ಮಿ.ಮೀ. ಬಿಟ್‌ನ ಅರ್ಧ 3 ಕಳೆದರೆ 42. ಆದರೂ ಲೆಕ್ಕವನ್ನು ಸುಮ್ನೆ ನಂಬಬೇಡಿ. ಚೂರು ಮರದ ಮೇಲೆ ಹೊಡೆದು ಅಳೆಯಿರಿ. ಬಂದ ಅಳತೆಗೆ ಒಂದು ಪ್ಲೈವುಡ್ ತುಂಡು ಕತ್ತರಿಸಿಟ್ಟುಕೊಂಡರೆ ಮುಂದಿನ ಸಲ ಟೇಪೇ ಬೇಡ. ಅದೇ ಚೂರಿನಲ್ಲಿ ತಳದ ಶೀಟನ್ನೂ ಕೂರಿಸಿ ನೋಡಿ. 6 ಮಿ.ಮೀ. ಅಂತ ಕೊಟ್ಟ ಶೀಟ್ ಎಷ್ಟೋ ಸಲ ಸ್ವಲ್ಪ ತೆಳುವಾಗಿರುತ್ತದೆ, ಗ್ರೂವ್‌ನಲ್ಲಿ ಲಟಲಟ ಅನ್ನುತ್ತದೆ.

ಆಳ 6 ಮಿ.ಮೀ. ಬೇಕಿದ್ದರೆ 3-3ರಂತೆ ಎರಡು ಸಲ ಇಳಿಸಿ. ಕಿವಿ ಮಷಿನಿನ ಕಡೆಗಿರಲಿ. ಸದ್ದು ಕುಗ್ಗಿದರೆ ಜಾಸ್ತಿ ತಳ್ಳುತ್ತಿದ್ದೀರಿ. ಸುಟ್ಟ ವಾಸನೆ ಬಂದರೆ ತೀರಾ ನಿಧಾನ, ಇಲ್ಲವೇ ಬಿಟ್ ಮೊಂಡಾಗಿದೆ. ತೇಗದಲ್ಲಿ ಸಿಲಿಕಾ (ಮರಳಿನಂಥ ಗಟ್ಟಿ ಕಣ) ಇರುವುದರಿಂದ ಬಿಟ್‌ನ ಹರಿತ ಬೇಗ ಹೋಗುತ್ತದೆ. ಗಟ್ಟಿಯಾದ ಕಾರ್ಬೈಡ್ ಬಾಯಿಯ ಬಿಟ್ ಅನ್ನೇ ತಗೊಳ್ಳಿ. ಕನ್ನಡಕ, ಮಾಸ್ಕ್ ಇಲ್ಲದೆ ಸ್ವಿಚ್ ಮುಟ್ಟಲೇಬೇಡಿ.

ಕಪಾಟಿನ ಹಲಗೆಗೆ ಮರದ ನಾರಿನ ಎಳೆಗೆ ಅಡ್ಡವಾಗಿ ಗ್ರೂವ್ ಹೊಡೆಯುವಾಗ ಬಿಟ್ ಹೊರಬರುವ ತುದಿಯಲ್ಲಿ ಮರ ಸಿಬಿರೇಳುತ್ತದೆ. ಅಲ್ಲಿಗೊಂದು ಬೇಡದ ರೀಪು (ಮರದ ಪಟ್ಟಿ) ಒತ್ತಿ ಕ್ಲಾಂಪ್ ಹಾಕಿ. ಸಿಬಿರು ರೀಪಿನಲ್ಲಿ ಏಳುತ್ತದೆ, ನಿಮ್ಮ ಹಲಗೆಯ ಅಂಚು ಉಳಿಯುತ್ತದೆ.