ವೈರಸ್ ಕೋಟಿಗಟ್ಟಲೆ, ಔಷಧಿ ಮಾತ್ರ ಇಲ್ಲ

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಹುಟ್ಟುವಾಗಲೇ ನನ್ನಿಂದ ಹೆಪಟೈಟಿಸ್ ಬಿ ತಗಲಿದೆ. ವೈರಸ್ ಪ್ರಮಾಣ ಕೋಟಿಗಳಲ್ಲಿದೆ. ಆದರೂ ವೈದ್ಯರು ಔಷಧಿ ಬರೆಯದೆ ‘ಆರು ತಿಂಗಳು ಬಿಟ್ಟು ಬನ್ನಿ’ ಎನ್ನುತ್ತಾರೆ. ಕಾಯುವುದು ಸರಿಯೇ?

ಉತ್ತರ: ಎಸ್‌ಜಿಪಿಟಿ ಸಹಜವಾಗಿದ್ದರೆ ಸರಿ. ಕೋಟಿಯ ಲೆಕ್ಕ ಯಾರನ್ನಾದರೂ ಹೆದರಿಸುತ್ತದೆ. ಆದರೆ ವರದಿಯಲ್ಲಿ ಮೊದಲು ನೋಡಬೇಕಾದದ್ದು ಎಸ್‌ಜಿಪಿಟಿ ಎಂಬ ಸಾಲನ್ನು. ಕೆಲವು ಲ್ಯಾಬ್‌ಗಳು ಅದನ್ನೇ ಎಎಲ್‌ಟಿ ಎಂದು ಬರೆಯುತ್ತವೆ. ಯಕೃತ್ತಿನ ಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ ಅದು. ಪಕ್ಕದಲ್ಲಿ ಅಚ್ಚಾಗಿರುವ ‘ಸಹಜ ಮಿತಿ’ ಸಾಮಾನ್ಯವಾಗಿ ದೊಡ್ಡವರದ್ದು. ಮಕ್ಕಳ ಮಿತಿ ಅದಕ್ಕಿಂತ ಕಡಿಮೆ, ಆದ್ದರಿಂದ ಅಂಚಿನಲ್ಲಿರುವ ಅಂಕಿಯನ್ನು ವೈದ್ಯರಿಗೆ ತೋರಿಸಿಯೇ ನೆಮ್ಮದಿಪಡಿ.

ಹುಟ್ಟುವಾಗ ಸೋಂಕು ತಗಲಿದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಅದು ದೀರ್ಘಕಾಲ ಉಳಿಯುತ್ತದೆ. ಈ ವೈರಸ್ ತಾನಾಗಿ ಕೋಶಗಳನ್ನು ಕೊಲ್ಲುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಬಿದ್ದಾಗ ಯಕೃತ್ತು ಪೆಟ್ಟು ತಿನ್ನುತ್ತದೆ. ಎಳೆಯ ಮಕ್ಕಳಲ್ಲಿ ಆ ಕಾದಾಟ ಇನ್ನೂ ಶುರುವಾಗಿರುವುದಿಲ್ಲ. ಈಗ ಔಷಧಿ ಕೊಟ್ಟರೆ ಕೋಟಿ ಇಳಿಯುತ್ತದೆ, ನಿಜ. ಕೋಶಕೇಂದ್ರದಲ್ಲಿ ಅಡಗಿರುವ ವೈರಸ್‌ನ ಡಿಎನ್‌ಎ ಮಾತ್ರ ಕದಲುವುದಿಲ್ಲ; ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ. ವರ್ಷಗಟ್ಟಲೆ ನುಂಗಿಸಿ ಇಷ್ಟೇ ಲಾಭವೆಂದರೆ ಕಾಯುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯವೂ ಹೌದು.

ಎಸ್‌ಜಿಪಿಟಿ ಏರಿ ಆರು ತಿಂಗಳಾದರೂ ಇಳಿಯದಿದ್ದರೆ ಮಾತು ಬೇರೆ. ಒಮ್ಮೆ ಏರಿದ ಕೂಡಲೇ ಔಷಧಿ ಶುರು ಮಾಡುವುದಿಲ್ಲ, ಏಕೆಂದರೆ ಆ ಕಾದಾಟದಲ್ಲಿ ಕೆಲವು ಮಕ್ಕಳ ದೇಹವೇ ವೈರಸ್ಸನ್ನು ಹತ್ತಿಕ್ಕುವುದುಂಟು. ಹತ್ತಿಕ್ಕದಿದ್ದರೆ ಎಂಟೆಕಾವಿರ್‌ನಂಥ ಔಷಧಿ ಇದೆ. 2 ವರ್ಷ ದಾಟಿದವರಿಗೆ ಕೊಡಬಹುದು. ಯಕೃತ್ತು ಗಟ್ಟಿಯಾಗತೊಡಗಿದ್ದರೆ, ಅಥವಾ ಬೇರೆ ಕಾಯಿಲೆಗೆ ಕೀಮೋಥೆರಪಿ ಶುರುವಾಗುವುದಿದ್ದರೆ ಕಾಯುವಂತಿಲ್ಲ. ಕುಟುಂಬದಲ್ಲಿ ಯಾರಿಗಾದರೂ ಯಕೃತ್ತಿನ ಕ್ಯಾನ್ಸರ್ ಆಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಚಿಕಿತ್ಸೆಯ ನಿಯಮಗಳನ್ನು ಸಡಿಲಿಸಿರುವುದು 12 ವರ್ಷ ತುಂಬಿದವರಿಗೂ ಅನ್ವಯಿಸುತ್ತದೆ. ಮಗನಿಗೆ ಆ ವಯಸ್ಸಾದಾಗ ಇದೇ ಪ್ರಶ್ನೆಯನ್ನು ಮತ್ತೆ ಕೇಳಿ.

ಅಲ್ಲಿಯವರೆಗೆ ಶಾಲೆ, ಆಟ, ಊಟ ಎಲ್ಲವೂ ಎಂದಿನಂತಿರಲಿ. ನಾಟಿ ಔಷಧಿಯ ಕಷಾಯ ಬೇಡ. ಕೆಲವು ಸೊಪ್ಪು, ಬೇರುಗಳಿಂದ ಯಕೃತ್ತಿಗೇ ಹಾನಿಯಾಗಬಹುದು. ಮನೆಯ ಉಳಿದವರು ರಕ್ತಪರೀಕ್ಷೆ ಮಾಡಿಸಿ, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಲಿ.

ಅಂದ ಹಾಗೆ, ಅಮ್ಮಾ, ನಿಮ್ಮ ಎಸ್‌ಜಿಪಿಟಿ ಕಡೆಯ ಬಾರಿ ನೋಡಿದ್ದು ಯಾವಾಗ?