ಪಕ್ಕದ ಮಾವಿನ ತೋಪಿಗೆ ಔಷಧಿ ಹೊಡೀತಾರೆ, ಜೇನು ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಕಡೆ. ಹತ್ತು ಪೆಟ್ಟಿಗೆ ತುಡುವೆ ಜೇನು ಇಟ್ಟಿದ್ದೇನೆ. ಹೋದ ವರ್ಷ ಹೂವಿನ ಟೈಮಲ್ಲಿ ಪಕ್ಕದ ತೋಪಿಗೆ ಔಷಧಿ ಹೊಡೆದು ಮೂರು ಪೆಟ್ಟಿಗೆ ಖಾಲಿಯಾದವು. ತೋಪಿನವರು ಬೇಕಾದವರೇ, ಜಗಳ ಆಡೋಕೆ ಆಗಲ್ಲ. ಏನು ಮಾಡಲಿ?

ಜಗಳ ಬೇಡ. ಆದರೆ ನೀವು ಮಾತಾಡಬೇಕಾದ್ದು ತೋಪಿನ ಯಜಮಾನರ ಹತ್ತಿರ ಮಾತ್ರ ಅಲ್ಲ. ನಿಮ್ಮ ಕಡೆ ಎಷ್ಟೋ ತೋಪುಗಳ ಫಸಲು ಹೂವಿನಲ್ಲೇ ವ್ಯಾಪಾರಿಗಳ ಕೈಗೆ ಹೋಗಿರುತ್ತದೆ, ಅಲ್ವಾ? ಆಗ ಯಾವ ಔಷಧಿ ಅನ್ನೋದು ಫಸಲು ಕೊಂಡವರ ತೀರ್ಮಾನ. ಎಷ್ಟು ಹೊತ್ತಿಗೆ ಅನ್ನೋದು ಪೈಪು ಹಿಡಿದವರ ಕೈಯಲ್ಲಿ. ಯಜಮಾನರಿಗೆ ಹೇಳಿದ ಮಾತು ಅವರಿಬ್ಬರಿಗೂ ಮುಟ್ಟಿರೋದೇ ಇಲ್ಲ. ಅದಕ್ಕೇ ಮೂವರ ನಂಬರೂ ಇಟ್ಟುಕೊಳ್ಳಿ. ಹೂ ಕಾಣಿಸುವ ಮೊದಲೇ ಕರೆದುಕೊಂಡು ಬಂದು ಪೆಟ್ಟಿಗೆ ಇರುವ ಜಾಗ ತೋರಿಸಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಔಷಧಿ ಅಂತ ಕೇಳಿ. ಡಬ್ಬಿಯ ಫೋಟೋ ವಾಟ್ಸಾಪ್ ಮಾಡೋಕೆ ಹೇಳಿ.

ಡಬ್ಬಿ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ನೋಡಿ ಧೈರ್ಯ ತಂದುಕೊಳ್ಳಬೇಡಿ. ಅದು ಮನುಷ್ಯರಿಗೆ ಎಷ್ಟು ವಿಷ ಅನ್ನೋದರ ಲೆಕ್ಕ, ಜೇನಿನ ಲೆಕ್ಕ ಅಲ್ಲ. ಜಿಗಿಹುಳಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಗಿಡದೊಳಗೇ ಇಳಿದು ಮಕರಂದಕ್ಕೂ ಬರುತ್ತವೆ. ಅಂಥದ್ದನ್ನು ತುಂಬು ಹೂವಿನಲ್ಲಿ ಸಂಜೆ ಹೊಡೆದರೂ ಮರುದಿನ ಹೂವಿಗೆ ಹೋದ ಜೇನುಹುಳಕ್ಕೆ ಅಪಾಯ ತಪ್ಪಿದ್ದಲ್ಲ. ಹೂ ಅರಳುವ ಮೊದಲೊಮ್ಮೆ, ಮಿಡಿ ಬಟಾಣಿಯಷ್ಟಾದ ಮೇಲೊಮ್ಮೆ ಹೊಡೆಯಲು ಕೇಳಿಕೊಳ್ಳಿ. ಬೂದಿರೋಗಕ್ಕೆ ಬರೀ ಗಂಧಕ ಆದರೆ ಅಷ್ಟು ಭಯವಿಲ್ಲ. ಅದೇ ಡ್ರಮ್ಮಿಗೆ ಇನ್ನೇನಾದರೂ ಬೆರೆಸ್ತಾರಾ ಅಂತ ಬಿಡಿಸಿ ಕೇಳಿ.

‘ನನ್ನ ಜೇನು ಸಾಯುತ್ತೆ’ ಅಂದರೆ ಫಸಲು ಕೊಂಡವರಿಗೆ ಅದು ನಿಮ್ಮ ಕಷ್ಟ ಅಷ್ಟೇ. ಮಾವಿನ ಹೂವಿಗೆ ನೊಣ, ಜೇನು ಬಂದರೆ ತಾನೇ ಕಾಯಿ ಕಚ್ಚೋದು? ಅದನ್ನು ಹೇಳಿ. ಅದು ಅವರ ದುಡ್ಡಿನ ಮಾತು.

ಹೀಗೆ ಔಷಧಿ ಹೊಡೆದ ಮರುದಿನ ಒಂದು ಪೆಟ್ಟಿಗೆಯ ಮುಂದೆ ಕೂತಿದ್ದೆ. ಬಾಗಿಲ ಕೆಳಗೆ ಹುಳುಗಳು ಬಿದ್ದಿದ್ದವು, ಸುಮಾರು ಹುಳುಗಳ ನಾಲಿಗೆ ಹೊರಗೆ ಚಾಚಿತ್ತು. ಕೆಲವು ಇನ್ನೂ ಒಂದೇ ಜಾಗದಲ್ಲಿ ಗಿರಗಿರ ಸುತ್ತುತ್ತಿದ್ದವು. ನಿಮಗೂ ಹೀಗೆ ಕಂಡರೆ ಅದು ವಿಷವೇ ಅಂದುಕೊಳ್ಳಿ. ತಕ್ಷಣ ಫೋಟೋ ತೆಗೆದಿಡಿ.

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಿಗೂ ಇದೇ ಸಂಕಟ. ಪಕ್ಕದ ಟೊಮೆಟೊಗೆ ಹೊಡೆದದ್ದು ಗಾಳಿಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳವೂ ವಾಂತಿ ಮಾಡಿಕೊಂಡು ಸಾಯುತ್ತದೆ. ಅವರೂ ಬದುವಿನ ಆಚೆಯವರಿಗೆ ‘ಹುಳ ಇದೆ’ ಅಂತ ಮೊದಲೇ ಹೇಳಿಡಬೇಕು.

ಇನ್ನು ಹೊಡೆಯುವ ದಿನ. ಬೆಳಿಗ್ಗೆಯೇ ಹೊಡೀತಾರೆ ಅಂದರೆ ಹಿಂದಿನ ರಾತ್ರಿ, ಹುಳುಗಳೆಲ್ಲ ಒಳಗೆ ಸೇರಿದ ಮೇಲೆ, ಬಾಗಿಲಿಗೆ ಗಾಳಿಯಾಡುವ ಜಾಲರಿ ಹಾಕಿ. ನೆರಳು ಮಾಡಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಒಂದು ದಿನಕ್ಕಿಂತ ಜಾಸ್ತಿ ಮುಚ್ಚಬೇಡಿ. ಸೆಕೆಗೆ ತುಡುವೆ ರೊಚ್ಚಿಗೇಳುತ್ತದೆ, ಬಾಗಿಲು ತೆಗೆದ ಮೇಲೆ ಗೂಡು ಬಿಟ್ಟು ಹಾರಿಹೋಗಲೂಬಹುದು. ಜಾಲರಿ ತೆಗೆಯುವ ಮೊದಲು ಪೈಪು ಹಿಡಿದವರಿಗೆ ಒಂದು ಫೋನ್ ಮಾಡಿ, ‘ಕೆಲಸ ಮುಗೀತಾ ಅಣ್ಣ?’ ಅಂತ ಕೇಳಿ. ನೀರು ಸಿಗದೆ ಅರ್ಧ ತೋಪು ನಾಳೆಗೆ ಉಳಿದಿರುತ್ತದೆ, ನಿಮಗೆ ಗೊತ್ತೇ ಇರುವುದಿಲ್ಲ.